ಕುರಿದೆವ್ವವಾದ ಮಟನ್ ಅಂಗಡಿಯವರು

ಹೊಸದುರ್ಗದ ನಮ್ಮ ಮಟನ್ ಅಂಗಡಿಯವರು ಗಿರಾಕಿ ಏನೇ ಕೇಳಲಿ, ಮಚ್ಚಿನ ಹಿಂಬದಿಯಿಂದ ಮರದ ಕೊರಡಿಗೆ ಒಂದು ಏಟು ಕೊಟ್ಟು, “ಹೆದರ್ಬ್ಯಾಡ್ರಿ, ಎಳೇದೈತೆ” ಅನ್ನುತ್ತಿದ್ದರು. ಮಗಳಿಗೆ ನೋಡಿದ ಗಂಡಿನ ವಯಸ್ಸು ಕೇಳಿದಾಗಲೂ ಅದನ್ನೇ ಅಂದರು.

ಮದುವೆ ವಿಡಿಯೊ ಮಾಡಿಕೊಂಡಿದ್ದ ನನಗೆ ದೆವ್ವದ ಸಿನಿಮಾ ಮಾಡುವ ಹುಚ್ಚು ಹಿಡಿಯಿತು. ಮಾಡದಕೆರೆ ಕಡೆ ಕುರಿ ಕಾಯುವವರು ಒಂದು ಕಥೆ ಹೇಳುತ್ತಾರೆ: ದಾರಿಯಲ್ಲಿ ಸಿಕ್ಕ ಕುರಿಮರಿಯನ್ನು ಹೆಗಲಿಗೆ ಹಾಕಿಕೊಂಡರೆ ಅದು ಭಾರವಾಗುತ್ತಾ, ಕಾಲು ನೆಲ ಮುಟ್ಟುವಷ್ಟು ಬೆಳೆದು ದೆವ್ವವಾಗುತ್ತದೆ. ಆ ದೆವ್ವಕ್ಕೆ ಎತ್ತರದ ಆಳು ಬೇಕಿತ್ತು. ನಮ್ಮ ಮಟನ್ ಅಂಗಡಿಯವರಾದರೆ ಎತ್ತರವೂ ಇದ್ದರು, ಕುರಿಚರ್ಮವನ್ನೂ ಪುಕ್ಕಟೆ ತರುತ್ತಿದ್ದರು.

ಶೂಟಿಂಗ್‌ನಲ್ಲಿ ನಾಯಕ ಚೆನ್ನಾಗಿಯೇ ನಡುಗಿದ. ಚರ್ಮ ಹೊದ್ದು, ಕೊಂಬಿನ ಮುಖವಾಡ ಹಾಕಿದ್ದ ನಮ್ಮ ದೆವ್ವ ಅವನ ಬೆನ್ನು ಸವರಿ, “ಹೆದರ್ಬ್ಯಾಡ್ರಿ” ಅಂದಿತು.

“ಅಣ್ಣಾ, ಹೆದರಿಸ್ಬೇಕ್ರಿ!” ಎಂದು ಬಾಯಿ ಬಡಿದುಕೊಂಡೆ.

“ಬಂದೋರ್ನ ಹೆದರಿಸಿದ್ರೆ ಯಾಪಾರ ಹೆಂಗ್ರಿ ಆಗ್ತೈತೆ?”

ಅಷ್ಟರಲ್ಲಿ ಹೊಲದ ಬದುವಿನಾಚೆ ಒಂದು ಕುರಿಹಿಂಡು ಬಂತು. ಸೆಕೆ ತಾಳದೆ ಇವರು ಮುಖವಾಡ ತೆಗೆದು ಅತ್ತ ತಿರುಗಿದರು. ಹಿಂಡು ಗಕ್ಕನೆ ನಿಂತಿತು. ಮರುಕ್ಷಣ ದಿಕ್ಕಾಪಾಲಾಗಿ ಓಡಿತು. ಕುರಿ ಕಾಯುವವನು ನಮ್ಮ ವಂಶವನ್ನೆಲ್ಲ ಬೈಯುತ್ತಾ ಹಿಂದೆ ಓಡಿದ. ಅದಷ್ಟೂ ಕ್ಯಾಮೆರಾದಲ್ಲಿ ಬಂತು.

ಊರವರಿಗೆ ಸಿನಿಮಾ ತೋರಿಸಿದಾಗ ದೆವ್ವ ಬಂದಲ್ಲೆಲ್ಲ ಜನ ಬಿದ್ದು ಬಿದ್ದು ನಕ್ಕರು. ಕುರಿಗಳು ಓಡುವಾಗ ಮಾತ್ರ ಎಲ್ಲರೂ ಗಪ್‌ಚುಪ್. ಪಕ್ಕದಲ್ಲಿ ಕೂತಿದ್ದ ಇವರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ಅವು ಹೆದರಿದ್ದು ವೇಷಕ್ಕಲ್ರಿ. ನನ್ನ ಗುರ್ತು ಹಿಡಿದ್ವು.”