ಗಾದಿ ಅಂಗಡಿಗೊಂದು ಕೊನೆಯ ದಿನ

ನಾನು ಕೆಲಸ ಮಾಡುವ ಮನೆತನಕ್ಕೆ ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಕಡೆ ಬಾಡಿಗೆ ಮಳಿಗೆಗಳಿವೆ. ಅವುಗಳ ಕರಾರು ಪತ್ರ ನೋಡಿಕೊಳ್ಳುವವಳು ನಾನು. ಹೋದ ವರ್ಷ ನಮ್ಮ ಸಾಫ್ಟ್‌ವೇರ್‌ಗೆ ಹೊಸ ಸೌಲಭ್ಯಗಳು ಬಂದವು. ಪ್ರತಿ ತಿಂಗಳು ತಾನಾಗಿಯೇ ವರದಿ ತಯಾರಾಗುತ್ತದೆ. ಚಾಲ್ತಿಯಲ್ಲಿರುವ ಕರಾರು ಹಸಿರು, ಮುಗಿಯಲು ಬಂದದ್ದು ಹಳದಿ, ಕೊನೆಯ ದಿನಾಂಕವೇ ಇಲ್ಲದ್ದು ಕೆಂಪು.

ಮೊದಲ ವರದಿಯಲ್ಲಿ ಕೆಂಪಾಗಿದ್ದದ್ದು ಒಂದೇ: ಮೂಡಲಗಿಯ ಗಾದಿ ಅಂಗಡಿ. ಅದನ್ನು ನಮ್ಮ ಯಜಮಾನಿಯ ಗಂಡ ಬದುಕಿದ್ದಾಗ ಬಾಯಿಮಾತಿನ ಮೇಲೆ ಕೊಟ್ಟಿದ್ದರು. ಈಗ ಕಾಗದವಾಗಬೇಕು, ಅದಕ್ಕೊಂದು ಕೊನೆಯ ದಿನವೂ ಬೇಕು. ದಿನಾಂಕದ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಹೊಸ ಕರಾರಿನ ಒಂದಕ್ಷರವನ್ನೂ ಉಳಿಸಿಕೊಳ್ಳುವುದಿಲ್ಲ.

ಬಸ್ಸು ಹಿಡಿದು ಮೂಡಲಗಿಗೆ ಹೋದೆ. ಗಾದಿ ಹೊಲಿಯುವ ಕಾಕಾ ಅರಳೆಯ ರಾಶಿಯ ನಡುವೆ ಕೂತಿದ್ದರು. ಗಡ್ಡ ಎಲ್ಲಿ ಮುಗಿಯಿತು, ಅರಳೆ ಎಲ್ಲಿ ಶುರುವಾಯಿತು ಎಂದು ತಿಳಿಯುವಂತಿರಲಿಲ್ಲ.

“ಕಾಕಾ, ಎಂದಿನ ತನಕ ಅಂತ ಬರೀಲಿ?” ಎಂದೆ.

“ಅದನ್ನ ನಾ ಹೆಂಗ ಹೇಳ್ಲಿವಾ? ನಾ ತಾರೀಖ ಹೇಳಿದ್ರ ಬಿಟ್ಟು ಹೊಂಟಂಗ ಆಗ್ತೈತಿ. ಅವ್ವಾರನ್ನ ಕೇಳು.”

ಗೋಕಾಕಕ್ಕೆ ಮರಳಿ ಯಜಮಾನಿಯನ್ನು ಕೇಳಿದೆ. “ನಾ ಹೇಳಿದ್ರ ಬಿಡಿಸಿದಂಗ ಆಗ್ತೈತಿ. ಅವರನ್ನೇ ಕೇಳು,” ಎಂದರು.

ಮೂರು ಸಲ ಹೀಗೆ ಓಡಾಡಿದೆ. ಬಸ್ಸಿನ ಕಂಡಕ್ಟರ್ ನನಗೆ ಮೂಡಲಗಿಯಲ್ಲಿ ವರ ನೋಡುತ್ತಿದ್ದಾರೆಂದು ತಿಳಿದಿದ್ದನಂತೆ. ನಾಲ್ಕನೆಯ ಸಲ ಯಜಮಾನಿಯನ್ನೇ ಕಾರಿನಲ್ಲಿ ಕೂರಿಸಿಕೊಂಡು ಹೋದೆ.

ಕಾಕಾ ಗಡಬಡಿಸಿ ಎದ್ದು ಹೊಸ ಗಾದಿಯೊಂದನ್ನು ಹಾಸಿದರು. “ಬರ್ರಿ ಅವ್ವಾರ, ಕುಂದರ್ರಿ.” ಚಹಾ ಬಂತು. ಎಷ್ಟೋ ವರ್ಷದ ಸುದ್ದಿಯೆಲ್ಲ ಮುಗಿದ ಮೇಲೆ ನಾನು ಮೊಬೈಲಿನಲ್ಲಿ ಕ್ಯಾಲೆಂಡರ್ ತೆರೆದು ನಡುವೆ ಹಿಡಿದೆ.

“ಐದು ವರ್ಷ?”

“ಇಷ್ಟ ಲಗೂನ?” ಎಂದು ಯಜಮಾನಿ ನನ್ನನ್ನೇ ಗದರಿದರು. “ಮುಂದ ಸರಸು.”

ಸರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿ, “ಮೊಮ್ಮಗಳ ಲಗ್ನಾನೂ ಇಲ್ಲೇ ಆಗಬೇಕಲ್ರಿ ಅವ್ವಾರ,” ಎಂದರು.

“ಖರೆ ಐತಿ. ಇನ್ನೂ ಸರಸವಾ.”

ಬೆರಳು ನೋಯುವವರೆಗೆ ಸರಿಸಿದೆ. ಕೊನೆಗೆ ಕ್ಯಾಲೆಂಡರೇ ಮುಂದೆ ಹೋಗಲು ಒಪ್ಪದೆ ನಿಂತಿತು. ಅದು ನಿಂತ ದಿನವನ್ನೇ ಬರೆದೆ. ವಕೀಲರನ್ನು ಕೇಳಿ ಪತ್ರ ಮಾಡಿಸಿದ್ದಾಯಿತು, ಇಬ್ಬರೂ ಸಂತೋಷದಿಂದ ಸಹಿ ಹಾಕಿದರು.

ಮುಂದಿನ ವಾರ ಸಾಫ್ಟ್‌ವೇರ್ ಕಂಪನಿಯಿಂದ ಫೋನು. “ಮೇಡಮ್, ಇಸವಿ ತಪ್ಪಾಗಿ ಟೈಪ್ ಆಗಿರಬೇಕು.”

“ಇಲ್ಲರಿ, ಇಬ್ಬರೂ ನೋಡೇ ಒಪ್ಯಾರ,” ಎಂದೆ.

ಆ ತಿಂಗಳ ವರದಿಯಲ್ಲಿ ಎಲ್ಲಕ್ಕಿಂತ ಭದ್ರವಾದ ಕರಾರೆಂದು ಗಾದಿ ಅಂಗಡಿಯೇ ಮೊದಲು ಬಂತು, ಅಚ್ಚ ಹಸಿರಾಗಿ. ಯಜಮಾನಿಗೆ ತೋರಿಸಿದೆ. ಅವರು ಖುಷಿಯಿಂದ ನೋಡಿ, ಆಮೇಲೆ ಏನೋ ಅನುಮಾನ ಬಂದಂತೆ ಕೇಳಿದರು:

“ಅಲ್ಲೀತನಕ ಈ ಕಂಪ್ಯೂಟರ್ ಬಾಳಿಕಿ ಬರ್ತೈತೇನ?”