ಅರ್ಧ ಬೆಲೆಯ ಕೊನೆಯ ತಾರೀಖು

ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ನಾಲ್ಕು ವರ್ಷದವಳಿದ್ದಾಗ ದಡಾರ ಬಂದು ಹೋದ ದೃಷ್ಟಿ ಮತ್ತೆ ಬರಲಿಲ್ಲ. ಆಗ ನಾನಿನ್ನೂ ಹುಟ್ಟಿರಲಿಲ್ಲ, ಹಾಗಾಗಿ ಕಣ್ಣಿದ್ದ ಅಕ್ಕ ನನಗೆ ಗೊತ್ತಿಲ್ಲ. ಅವಳು ಹೈದರಾಬಾದಿನ ಅಂಧ ಮಕ್ಕಳ ಶಾಲೆಯಲ್ಲಿ ಓದಿದಳು, ಅಲ್ಲೇ ಟೆಲಿಫೋನ್ ಆಪರೇಟರ್ ಕೆಲಸ ಕಲಿತಳು, ಆಮೇಲೆ ತಾಂಡೂರಿನ ಒಂದು ಕಂಪನಿಯ ಆಫೀಸಿಗೆ ಸೇರಿದಳು. ನಮ್ಮ ಮನೆತನದಲ್ಲಿ ತಿಂಗಳ ಪಗಾರ ಎಂಬುದನ್ನು ಮೊದಲು ತಂದವಳು ಅವಳೇ. ಅಪ್ಪ ಕಂಗ್ಟಿಯ ಕಡೆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ. ನಾನು ಬಿ.ಇಡಿ. ಮುಗಿಸಿ ನಾರಾಯಣಖೇಡದ ಹತ್ತಿರದ ಕನ್ನಡ ಶಾಲೆಯಲ್ಲಿ ಮಾಸ್ತರನಾದದ್ದು ಅಕ್ಕನ ದುಡಿಮೆಯ ಮೇಲೆ. ಇದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ನಾನೂ ಆಗ ಅದನ್ನು ಅಷ್ಟಾಗಿ ನೆನೆಯುತ್ತಿರಲಿಲ್ಲ.

ಫೋನಿನಲ್ಲಿ ಅಕ್ಕನ ದನಿ ಕೇಳಿದವರು ಅವಳ ಕಣ್ಣಿನ ವಿಷಯ ಊಹಿಸುತ್ತಿರಲಿಲ್ಲ. ತೆಲುಗಿನವರಿಗೆ ತೆಲುಗು, ಸಾಬರಿಗೆ ದಖ್ಖನಿ, ಸೇಡಂ ಕಡೆಯಿಂದ ಮಾತಾಡುವವರಿಗೆ ಕನ್ನಡ. ಆಫೀಸಿನ ಒಳನಂಬರುಗಳೆಲ್ಲ ಅವಳ ಬಾಯಲ್ಲಿದ್ದವು. ಯಾರು ಯಾವಾಗ ಊಟಕ್ಕೆ ಏಳುತ್ತಾರೆ, ಯಾರು ರಜೆಯಲ್ಲಿದ್ದಾರೆ ಎಂಬುದನ್ನು ಮ್ಯಾನೇಜರರೂ ಅವಳನ್ನೇ ಕೇಳುತ್ತಿದ್ದರಂತೆ.

ಆದರೆ ಮೊಬೈಲು ಬಂದ ಮೇಲೆ ಆ ಕೆಲಸ ಹೆಚ್ಚು ದಿನ ಉಳಿಯುವುದಿಲ್ಲವೆಂದು ಅವಳಿಗೆ ಬೇಗ ತಿಳಿಯಿತು. ಯಾರೂ ಹೇಳುವ ಮೊದಲೇ ಮೂರು ತಿಂಗಳ ರಜೆ ಹಾಕಿ ಹೈದರಾಬಾದಿಗೆ ಹೋಗಿ ಕಂಪ್ಯೂಟರ್ ಕಲಿತು ಬಂದಳು. ತೆರೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಸಾಫ್ಟ್‌ವೇರ್ ಇತ್ತು. ಬೆಲೆ ಬಹಳ. ಒಂದು ಸಂಸ್ಥೆಯವರು ಅರ್ಧ ಕೊಟ್ಟರು, ಉಳಿದರ್ಧಕ್ಕೆ ಅಕ್ಕ ತನ್ನ ಬೆಂಡೋಲೆ ಮಾರಿದಳು. ಲೈಸೆನ್ಸ್ ಅವಳ ಹೆಸರಿನಲ್ಲೇ ಬಂತು. ಅದರ ಇಂಗ್ಲಿಷ್ ದನಿಯನ್ನು ಅವಳು ಎಷ್ಟು ಜೋರಾಗಿ ಓಡಿಸುತ್ತಿದ್ದಳೆಂದರೆ ನನಗೆ ಅದು ಬರೀ ಗುಯ್‌ಗುಡುವ ಸದ್ದಾಗಿ ಕೇಳುತ್ತಿತ್ತು. ನಾನು ಅರ್ಥವಾಗಲಿಲ್ಲವೆಂದರೆ ನಗುತ್ತಿದ್ದಳು. ಓದು ಬಂದ ತಮ್ಮನಿಗೆ ತಿಳಿಯದ್ದು ತನಗೆ ತಿಳಿಯುತ್ತದೆ ಎಂಬ ಸಂತೋಷ ಅದು.

ಲೈಸೆನ್ಸಿನ ಕಾಗದಗಳಿಗೆ ಅವಳು ಕೊಟ್ಟದ್ದು ಜಹೀರಾಬಾದಿನ ನನ್ನ ಮನೆಯ ವಿಳಾಸ. ತಾಂಡೂರಿನಲ್ಲಿ ಅವಳು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದಳು. ಅಂಚೆಯವನು ಕಾಗದಗಳನ್ನು ಮನೆ ಮಾಲೀಕರ ಬಳಿ ಬಿಟ್ಟು ಹೋಗುತ್ತಿದ್ದ, ಅವರು ಮರೆಯುತ್ತಿದ್ದರು. ನೀನಾದರೆ ಓದಿ ಹೇಳುತ್ತಿ ಎಂದಿದ್ದಳು.

ಆ ಸಾಫ್ಟ್‌ವೇರಿಗೆ ಒಂದು ಪದ್ಧತಿ ಇತ್ತು. ಹೊಸ ಆವೃತ್ತಿ ಬಂದಾಗ ಹಳೆಯ ಗಿರಾಕಿಗಳು ಪೂರ್ತಿ ಬೆಲೆ ಕೊಡಬೇಕಿರಲಿಲ್ಲ, ಸ್ವಲ್ಪ ಹಣ ಕಟ್ಟಿ ಬದಲಿಸಿಕೊಳ್ಳಬಹುದಿತ್ತು. ಆದರೆ ಎರಡು ಆವೃತ್ತಿ ಹಿಂದೆ ಬಿದ್ದವರಿಗೆ ಆ ರಿಯಾಯಿತಿ ಇಲ್ಲ. ಅವರು ಮತ್ತೆ ಹೊಸಬರಂತೆ ಪೂರ್ತಿ ಕೊಟ್ಟು ಕೊಳ್ಳಬೇಕು. ಮೊದಲ ಸಲ ಕಾಗದ ಬಂದಾಗ ನಾನು ಓದಿ ಹೇಳಿ, ಇರುವುದೇ ಚೆನ್ನಾಗಿ ನಡೆಯುತ್ತಿದೆಯಲ್ಲ, ಸುಮ್ಮನೆ ಯಾಕೆ ಖರ್ಚು ಎಂದೆ. ಎರಡನೆಯ ಸಲವೂ ಹಾಗೇ ಎಂದೆ. ಎರಡು ಸಲವೂ ಅವಳು ನನ್ನ ಮಾತು ಕೇಳಿದಳು. ಹಿಂದೆ ಬಿದ್ದರೆ ಏನಾಗುತ್ತದೆ ಎಂಬ ಸಾಲು ಕಾಗದದ ಕೆಳಗಡೆ ಸಣ್ಣ ಅಕ್ಷರದಲ್ಲಿತ್ತು. ಅದನ್ನು ನಾನು ಅವಳಿಗೆ ಓದಿರಲಿಲ್ಲ.

ಮುಂದೆ ಆಫೀಸಿನಲ್ಲಿ ಹೊಸ ಕಂಪ್ಯೂಟರುಗಳು ಬಂದವು. ಫೋನಿನ ಬೋರ್ಡು ತೆಗೆಯುತ್ತೇವೆ, ಗಿರಾಕಿಗಳ ದೂರುಗಳಿಗೆ ಕಂಪ್ಯೂಟರಿನಲ್ಲಿ ಉತ್ತರ ಬರೆಯುವ ಕೆಲಸ ನಿಮಗೇ ಕೊಡುತ್ತೇವೆ ಎಂದು ಮ್ಯಾನೇಜರರು ಅಕ್ಕನಿಗೆ ಹೇಳಿದರು. ಅವಳಿಗೆ ಆನಂದ. ಆದರೆ ಅವಳ ಹಳೆಯ ಸಾಫ್ಟ್‌ವೇರ್ ಆ ಹೊಸ ಯಂತ್ರದಲ್ಲಿ ಬಾಯಿ ಬಿಡಲಿಲ್ಲ. ಹೈದರಾಬಾದಿನ ಮಾರಾಟಗಾರರಿಗೆ ಫೋನ್ ಮಾಡಿ ವಿಚಾರಿಸಿದಳು. ಅದೃಷ್ಟಕ್ಕೆ, ಬಹಳ ಹಿಂದೆ ಬಿದ್ದವರಿಗೂ ಇದೊಂದು ಸಲ ಅರ್ಧ ಬೆಲೆಯಲ್ಲಿ ಕೊಡುತ್ತೇವೆ, ಅರ್ಜಿಯ ಕಾಗದ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೇವೆ, ಸಹಿ ಮಾಡಿ, ಹಳೆಯ ಸಿ.ಡಿ. ಮತ್ತು ಬ್ಯಾಂಕಿನ ಡ್ರಾಫ್ಟು ಸೇರಿಸಿ ಹೇಳಿದ ತಾರೀಖಿನೊಳಗೆ ಮುಟ್ಟಿಸಿ ಎಂದರಂತೆ.

ಅವು ತೆಲಂಗಾಣ ರಾಜ್ಯಕ್ಕಾಗಿ ಎಲ್ಲರೂ ಬೀದಿಗಿಳಿದಿದ್ದ ದಿನಗಳು. ನಾವು ಮಾಸ್ತರರು ಶಾಲೆ ಮುಚ್ಚಿ ಹರತಾಳಕ್ಕೆ ಕೂತಿದ್ದೆವು. ಬಸ್ಸುಗಳಿರಲಿಲ್ಲ. ನಾನು ದಿನಾ ಬೆಳಿಗ್ಗೆ ಮೋಟರ್ ಸೈಕಲ್ಲಿನ ಮೇಲೆ ನಾರಾಯಣಖೇಡಕ್ಕೆ ಹೋಗಿ ಶಾಮಿಯಾನದ ಕೆಳಗೆ ಕೂರುತ್ತಿದ್ದೆ. ಭಾಷಣ ಮಾಡುವುದು ನನಗೆ ಒಲಿದಿತ್ತು. ತೆಲುಗಿನಲ್ಲಿ ಶುರು ಮಾಡಿ ನಡುವೆ ನಾಗಲಗಿದ್ದ, ಕಂಗ್ಟಿ ಊರುಗಳ ರೈತರಿಗಾಗಿ ಕನ್ನಡದಲ್ಲಿ ಎರಡು ಮಾತು ಸೇರಿಸಿದರೆ ಜನ ಚಪ್ಪಾಳೆ ಹೊಡೆಯುತ್ತಿದ್ದರು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಆ ಹೋರಾಟ ಸುಳ್ಳಾಗಿತ್ತೆಂದು ನಾನು ಇಂದಿಗೂ ಹೇಳುವುದಿಲ್ಲ. ಅದರಲ್ಲಿ ನನ್ನ ಹಿಗ್ಗೂ ಸೇರಿತ್ತು ಎಂದಷ್ಟೇ ಹೇಳುತ್ತೇನೆ.

ಅಂಥ ಒಂದು ಬೆಳಿಗ್ಗೆ ಕಾಗದ ಬಂತು. ನಾನು ಹೊರಡುವ ಗಡಿಬಿಡಿಯಲ್ಲಿದ್ದೆ. ಮೋಟರ್ ಸೈಕಲ್ಲಿನ ಮೇಲೆ ಕೂತೇ ಅಂಚೆಯವನ ಚೀಟಿಗೆ ಸಹಿ ಮಾಡಿ ತಾರೀಖು ಹಾಕಿದೆ. ಲಕೋಟೆ ಒಡೆದು ಒಂದು ನೋಟ ನೋಡಿದೆ. ಇನ್ನೂ ಹದಿನೈದು ದಿನ ಇದೆ ಎಂದುಕೊಂಡು ಹೆಂಡತಿಯ ಕೈಗೂ ಕೊಡದೆ, ಬಾಗಿಲ ಪಕ್ಕದ ಗೂಡಿನಲ್ಲಿದ್ದ ದಿನಪತ್ರಿಕೆಗಳ ನಡುವೆ ಇಟ್ಟು ಹೊರಟೆ. ಸಂಜೆ ಮರೆತೆ. ಮರುದಿನವೂ ಮರೆತೆ.

ವಾರವಾದ ಮೇಲೆ ಅಕ್ಕ ಫೋನ್ ಮಾಡಿದಳು. ಅವಳ ದನಿ ಕೇಳಿದ ಕೂಡಲೇ ನೆನಪಾಯಿತು.

"ತಮ್ಮಾ, ಹೈದ್ರಾಬಾದಿಂದ ನಂದೊಂದು ಕಾಗದ ಬರಬೇಕಿತ್ತು. ಬಂತೇನು?"

ಬಂದಿದೆ, ಮರೆತಿದ್ದೆ ಎನ್ನಬಹುದಿತ್ತು. ಒಂದು ವಾರ ಸುಮ್ಮನಿದ್ದೆನಲ್ಲ ಎಂಬ ನಾಚಿಕೆಗೆ ನಾಲಗೆ ಬೇರೆಯದೇ ಹೇಳಿತು.

"ಇನ್ನಾ ಬಂದಿಲ್ಲಕ್ಕಾ. ಹರತಾಳದಾಗ ಅಂಚಿ ಎಲ್ಲಿ ಛಲೋ ನಡೀತದ?"

ಅವಳು ಹೌದು ಹೌದು ಎಂದು, ಹೊರಗೆ ತಿರುಗುವಾಗ ಹುಷಾರು ಎಂದು ಹೇಳಿ ಇಟ್ಟಳು.

ಆ ದಿನವೇ ಕಾಗದ ಹುಡುಕಿ ತೆಗೆದೆ. ಆಗಲೂ ಸಮಯವಿತ್ತು. ಆದರೆ ಒಮ್ಮೆ ಬಂದಿಲ್ಲವೆಂದ ಮೇಲೆ ಬಂತು ಎನ್ನಲು ಒಂದೆರಡು ದಿನ ಬಿಡಬೇಕೆನಿಸಿತು. ಆ ಒಂದೆರಡು ದಿನ ನಾಲ್ಕಾಯಿತು. ಕೊನೆಗೆ ಇಂದು ಬಂತು ಎಂದು ಹೇಳಿದಾಗ ಮೂರೇ ದಿನ ಉಳಿದಿದ್ದವು. ಅವಳ ಬಳಿಯಿದ್ದ ಸಿ.ಡಿ. ತಂದು, ಅವಳ ಸಹಿ ಹಾಕಿಸಿ, ಯಾರ ಕೈಯಲ್ಲಾದರೂ ಹೈದರಾಬಾದಿಗೆ ಮುಟ್ಟಿಸಬೇಕಿತ್ತು. ಡ್ರಾಫ್ಟನ್ನು ಅವಳು ಮೊದಲೇ ತೆಗೆಸಿಟ್ಟಿದ್ದಳು. ಜಹೀರಾಬಾದಿನಿಂದ ತಾಂಡೂರಿಗೆ ಬಸ್ಸಿರಲಿಲ್ಲ ನಿಜ. ಆದರೆ ನನ್ನ ಮೋಟರ್ ಸೈಕಲ್ಲಿತ್ತು. ಎರಡು ತಾಸಿನ ದಾರಿ. ಮರುದಿನ ನಾರಾಯಣಖೇಡದಲ್ಲಿ ದೊಡ್ಡ ಸಭೆ, ನಾನು ಮಾತಾಡುವವನಿದ್ದೆ. ಸಭೆ ಮುಗಿಸಿ ಹೋದರಾಯಿತು ಎಂದುಕೊಂಡೆ. ಸಭೆ ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಅದರ ಮರುದಿನ ಹೆದ್ದಾರಿ ತಡೆ, ನಮ್ಮವರೇ ಟೈರು ಸುಟ್ಟು ಕೂತಿದ್ದರು, ನಾನೂ ಅಲ್ಲಿದ್ದೆ. ತಾರೀಖು ದಾಟಿತು. ಬಂದ್‌ನಿಂದಾಗಿ ಬರಲಾಗಲಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅವಳು ಊಟವಾಯಿತೇ ಎಂದು ಕೇಳಿದಳು.

ಮಾರಾಟಗಾರರಿಗೆ ನಾನೇ ಫೋನ್ ಮಾಡಿದೆ. ಮಾತಾಡಿದ ಹೆಣ್ಣುಮಗಳು ಒರಟಾಗಿ ನಡೆದುಕೊಳ್ಳಲಿಲ್ಲ. ನಾನು ಹರತಾಳದ ಕಥೆ ಹೇಳಿದೆ. ಅದೇ ಬಂದ್‌ನಲ್ಲಿ ಕರೀಂನಗರದಿಂದ, ವರಂಗಲ್ಲಿನಿಂದ ಕಾಗದಗಳು ಮುಟ್ಟಿವೆ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದಳು. ಈಗ ನಿಮ್ಮ ಅಕ್ಕ ನಮ್ಮ ಲೆಕ್ಕದಲ್ಲಿ ಹೊಸ ಗಿರಾಕಿ ಎಂದಳು. ಪೂರ್ತಿ ಬೆಲೆ ಅಕ್ಕನ ಏಳೆಂಟು ತಿಂಗಳ ಪಗಾರವಾಗುತ್ತಿತ್ತು. ಹರತಾಳದಿಂದ ನನ್ನ ಪಗಾರ ನಿಂತಿತ್ತು. ಹೇಗಾದರೂ ಹೊಂದಿಸೋಣ ಎಂದೆ. ನಿನ್ನ ಮನೆಯೇ ನಡೆಯುವುದು ಕಷ್ಟ, ಬೇಡ ಎಂದು ಅಕ್ಕ ಒಪ್ಪಲಿಲ್ಲ.

ಆಫೀಸಿನವರು ಹೊಸ ಕೆಲಸದ ಪರೀಕ್ಷೆಗೆ ಒಂದು ದಿನ ಗೊತ್ತು ಮಾಡಿದರು. ಸಾಫ್ಟ್‌ವೇರ್ ಇಲ್ಲದೆಯೇ ಮಾಡಿ ನೋಡುತ್ತೇನೆ ಎಂದಳು ಅಕ್ಕ. ಹರತಾಳ ಮುಗಿದಿತ್ತು, ಅಕ್ಕನ ಜೊತೆ ನಾನೂ ಹೋದೆ. ಗಾಜಿನ ಕೋಣೆಯಲ್ಲಿ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಮ್ಯಾನೇಜರರು ಒಂದು ದೂರನ್ನು ಓದಿ ಹೇಳಿ, ಉತ್ತರ ಬರೆಯಿರಿ ನೋಡೋಣ ಎಂದರು. ಅಕ್ಕ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಬೆರಳುಗಳನ್ನು ಕೀಲಿಗಳ ಮೇಲೆ ಇಟ್ಟು, ನೆನಪಿನಿಂದಲೇ ಚಕಚಕನೆ ಬರೆಯತೊಡಗಿದಳು. ಯಂತ್ರ ಮಾತಾಡುತ್ತಿರಲಿಲ್ಲ. ಎರಡು ಸಾಲಾಗುವಷ್ಟರಲ್ಲಿ ತೆರೆಯ ನಡುವೆ ಏನೋ ಕೇಳುವ ಚೌಕವೊಂದು ಎದ್ದು ನಿಂತಿತು. ಅದು ಅವಳಿಗೆ ಗೊತ್ತಾಗಲಿಲ್ಲ. ಅವಳು ಬರೆಯುತ್ತಲೇ ಇದ್ದಳು, ಒಂದಕ್ಷರವೂ ಮೂಡುತ್ತಿರಲಿಲ್ಲ. ಮ್ಯಾನೇಜರರು ಕಿಟಕಿಯ ಕಡೆ ಮುಖ ತಿರುಗಿಸಿದರು. ಕೋಣೆಯ ಮೌನದಿಂದಲೇ ಅವಳಿಗೆ ಏನೋ ಅನುಮಾನ ಬಂದಿರಬೇಕು. ಬೆರಳು ನಿಲ್ಲಿಸಿ ನನ್ನ ಕಡೆ ಕತ್ತು ತಿರುಗಿಸಿದಳು.

"ತಮ್ಮಾ, ಅಕ್ಷರ ಮೂಡ್ಯಾವಿಲ್ಲೋ?"

ಇಲ್ಲಕ್ಕಾ ಎಂದೆ. ಅವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

ಅವಳನ್ನು ಕೂಡಲೇ ತೆಗೆದು ಹಾಕಲಿಲ್ಲ. ಬಂದವರು ಕೂರುವ ಜಾಗದಲ್ಲಿ ಒಂದು ಕುರ್ಚಿ ಕೊಟ್ಟು ಕೆಲವು ತಿಂಗಳು ಕೂರಿಸಿದರು. ಮಾಡಲು ಏನೂ ಇರಲಿಲ್ಲ. ಫೋನಿನ ಬೋರ್ಡು ಹೋಗಿತ್ತು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಂದವರ ಹೆಜ್ಜೆ ಸಪ್ಪಳ ಕೇಳುತ್ತ ಕೂತಿರುತ್ತಿದ್ದಳಂತೆ. ಆಮೇಲೆ ಅವರೇ ಬರೆದು ತಂದ ರಾಜೀನಾಮೆಯ ಕಾಗದಕ್ಕೆ ಸಹಿ ಮಾಡಿ, ಅವರು ಕೊಟ್ಟಷ್ಟು ತೆಗೆದುಕೊಂಡು ಹೊರಬಂದಳು. ನನ್ನ ಮನೆಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಶಾಲೆಯಲ್ಲಿದ್ದಾಗ ಕಲಿತಿದ್ದ ಕುರ್ಚಿ ಹೆಣೆಯುವ ಕೆಲಸವನ್ನು ಮತ್ತೆ ಹಿಡಿದಳು. ಆ ಕೆಲಸ ಅವಳಿಗೆ ಮೊದಲಿಂದ ಸೇರುತ್ತಿರಲಿಲ್ಲ. ಬೆತ್ತದ ಸಿಪ್ಪೆಗೆ ಬೆರಳಿನ ತುದಿಗಳು ಸೀಳುತ್ತಿದ್ದವು, ಬ್ರೈಲ್ ಓದಲು ಆಗುತ್ತಿರಲಿಲ್ಲ.

ಎರಡು ವರ್ಷ ಹೀಗೇ ನಡೆಯಿತು. ರಾಜ್ಯ ಬಂತು. ಜಹೀರಾಬಾದಿನಲ್ಲಿ ಗುಲಾಲು ಹಾರಿತು, ನನಗೆ ಹಾರ ಹಾಕಿದರು. ಆ ವಾರ ಪೇಡೆಯ ಡಬ್ಬಿ ಹಿಡಿದು ತಾಂಡೂರಿಗೆ ಹೋದೆ. ಅಕ್ಕ ಬಾಗಿಲಲ್ಲಿ ಕೂತು ಹೆಣೆಯುತ್ತಿದ್ದಳು. ಪೇಡೆ ಬಾಯಿಗೆ ಹಾಕಿಕೊಂಡು, ಛಲೋ ಆತು ಎಂದಳು. ಹೋರಾಟದ ದಿನಗಳ ಕಷ್ಟ ಹೇಳುತ್ತ ಹೇಳುತ್ತ ನಾನು, ಆ ಬಂದ್ ಇಲ್ಲದಿದ್ದರೆ ನಿನ್ನ ನೌಕರಿ ಉಳಿಯುತ್ತಿತ್ತು ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಹೇಳಿ ಹೇಳಿ ಆ ಮಾತನ್ನು ನಾನೇ ನಂಬಿಬಿಟ್ಟಿದ್ದೆನೆಂದು ಕಾಣುತ್ತದೆ.

ಅಕ್ಕ ಹೆಣೆಯುವುದನ್ನು ನಿಲ್ಲಿಸಲಿಲ್ಲ.

"ನೀ ಅಂಚೆಯವನ ಚೀಟಿಗಿ ಸಹಿ ಮಾಡಿದ್ದಿಯಲ್ಲೋ, ಅದು ತಿರುಗಿ ಹೈದ್ರಾಬಾದಿಗೇ ಹೋಗ್ತದ. ಅಲ್ಲಿ ಫೋನ್ ಎತ್ತೋ ಹುಡುಗಿ ನಂಗ ನೀ ಹಾಕಿದ ತಾರೀಖು ಓದಿ ಹೇಳಿದ್ಳು."

ಯಾವಾಗ ಎಂದು ಕೇಳಿದೆ. ಬಂದಿಲ್ಲ ಅಂತ ನೀ ಹೇಳಿದ ಮರುದಿನವೇ, ಎಂದಳು. ಕಾಗದ ಹೊರಟಿದೆಯೋ ಇಲ್ಲವೋ ಎಂದು ತಿಳಿಯಲು ತಾನೇ ಫೋನ್ ಮಾಡಿದ್ದಳಂತೆ.

"ಮತ್ತ ಆಗೇ ಯಾಕ ಅನ್ಲಿಲ್ಲಕ್ಕಾ? ಅಂದಿದ್ರ ಓಡಿ ಬರ್ತಿದ್ದೆ."

"ನೀನೇ ಹೇಳ್ತಿ ಅಂತ ಕಾದೆ. ನಾ ಅಂದಿದ್ರ ನೀ ಸುಳ್ಳ ಹೇಳಿದಿ ಅಂತ ಆಗ್ತಿತ್ತು. ನಂಗ ಓದಾಕ ನೀ ಒಬ್ಬವನೇ ಇದ್ದಿ. ನಿನ್ನ ಮ್ಯಾಲ ನಂಬಿಕಿ ಹೋದ್ರ ಮತ್ಯಾರ ಕಡಿ ಹೋಗ್ಲಿ ಅಂತ ಸುಮ್ನಿದ್ದೆ."

ಬೆಳಗಿನ ಹತ್ತು ಗಂಟೆಯಿರಬೇಕು. ಬೀದಿಯಲ್ಲಿ ತಾಂಡೂರು ಕಲ್ಲಿನ ಲಾರಿಗಳು ಹೋಗುತ್ತಿದ್ದವು. ನಾನು ಅವಳ ಕಾಲ ಬಳಿ ಕೂತು ಅತ್ತೆ. ಅವಳು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಚಹಾ ಮಾಡಿದಳು. ಬ್ಯಾಂಕಿನಲ್ಲಿ, ರೇಷನ್ ಕಚೇರಿಯಲ್ಲಿ, ಎಲ್ಲ ಕಡೆ ತನ್ನ ವಿಳಾಸವನ್ನು ತಾಂಡೂರಿಗೆ ಬದಲಿಸಿಯಾಗಿದೆ, ಪಕ್ಕದ ಮನೆಯ ನರ್ಸಮ್ಮ ಓದಿ ಹೇಳುತ್ತಾರೆ ಎಂದು ಆಗ ತಿಳಿಸಿದಳು.

ಇದಾಗಿ ವರ್ಷಗಳಾದವು. ಈಗ ಅಂಥ ಸಾಫ್ಟ್‌ವೇರ್ ಪುಕ್ಕಟೆಯಾಗಿಯೇ ಸಿಗುತ್ತದೆ, ಯಾವ ಅರ್ಹತೆಯೂ ಬೇಡ, ಕೊನೆಯ ತಾರೀಖೂ ಇಲ್ಲ. ಅಕ್ಕ ಅದನ್ನು ಕಲಿತಿದ್ದಾಳೆ. ಹೊಸದಾಗಿ ಕಣ್ಣು ಕಳೆದುಕೊಂಡವರು ಎಲ್ಲೆಲ್ಲಿಂದಲೋ ಫೋನ್ ಮಾಡುತ್ತಾರೆ, ಅವರಿಗೆ ಹೇಳಿಕೊಡುತ್ತಾಳೆ. ಅದಕ್ಕೆ ಯಾರೂ ಪಗಾರ ಕೊಡುವುದಿಲ್ಲ. ನೌಕರಿಯ ವಯಸ್ಸು ದಾಟಿತು.

ಮೊನ್ನೆ ಹೋದಾಗ ಯಾರಿಗೋ ಫೋನಿನಲ್ಲಿ ಕಲಿಸುತ್ತಿದ್ದಳು. ನನ್ನ ಹೆಜ್ಜೆ ಗುರುತು ಹಿಡಿದು, ಕೂರು ಎಂದು ಕೈ ಮಾಡಿದಳು. ನಾನು ಹೊಸ್ತಿಲ ಹತ್ತಿರ ಕೂತೆ. ಪಾಠ ಬಹಳ ಹೊತ್ತು ನಡೆಯಿತು. ಅವಸರ ಮಾಡಬೇಡಿರಿ, ಏನು ಕೇಳಿಸಿತು ಮೊದಲು ಹೇಳಿರಿ ಎಂದು ಆ ಕಡೆಯವರಿಗೆ ಸಮಾಧಾನದಿಂದ ಹೇಳುತ್ತಿದ್ದಳು. ಕೊನೆಯ ಬಸ್ಸಿನ ಹೊತ್ತಾದಾಗ ನಾನು ಎದ್ದೆ. ಅವಳು ಫೋನಿಗೆ ಕೈ ಅಡ್ಡ ಹಿಡಿದು, ಊರು ಮುಟ್ಟಿದ ಮೇಲೆ ತಿಳಿಸು ಎಂದಳು. ಆಗಲಿ ಎಂದು ಹೇಳಿ ಹೊರಟೆ.