ಕಡಲ ದಂಡೆಯಲ್ಲಿ ಕೂತಿದ್ದವರು

ದೆವ್ವ, ಶಕುನ, ಪುನರ್ಜನ್ಮ ಇದ್ಯಾವುದನ್ನೂ ನಾನು ನಂಬುತ್ತಿರಲಿಲ್ಲ. ಅರ್ಧ ಆಯುಷ್ಯವನ್ನು ಕತ್ತಲ ಕೋಣೆಯಲ್ಲೇ ಕಳೆಯುವ ಫೋಟೋಗ್ರಾಫರನು ದೆವ್ವಕ್ಕೆ ಹೆದರಿದರೆ ಹೊಟ್ಟೆಯ ಗತಿಯೇನು? ಆದರೂ ಇದನ್ನು ಬರೆಯುತ್ತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು.

ಐವತ್ತರ ದಶಕದ ಕೊನೆಯ ಮಾತು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ಸ್ಟುಡಿಯೋ. ಕಾಯುವ ಗಿರಾಕಿಗಳು ನೋಡಲೆಂದು, ಹರಾಜಿನಲ್ಲಿ ಕೊಂಡ ಹಳೆಯ ಆಲ್ಬಮ್ ಒಂದನ್ನು ಇಟ್ಟಿದ್ದೆ. ವಿಲಾಯಿತಿಯ ಯಾವುದೋ ಕಡಲೂರು. ಶ್ರೀಮಂತರು ಗಾಳಿ ಸೇವನೆಗೆಂದು ಅಲ್ಲಿಗೆ ಹೋಗುತ್ತಿದ್ದ ಕಾಲದ ಚಿತ್ರಗಳು. ನೀರಿಗಿಳಿಯುವವರು ಬಟ್ಟೆ ಬದಲಿಸಲು ಚಕ್ರದ ಮೇಲಿನ ಮರದ ಗೂಡುಗಳು, ಮರಳಿನಲ್ಲಿ ಕತ್ತೆ ಸವಾರಿ, ದಂಡೆಯುದ್ದಕ್ಕೂ ಬೆಂಚುಗಳು. ಅಷ್ಟು ದೂರ ಹೋಗಿ ಕತ್ತೆ ಹತ್ತುವುದೇಕೆಂದು ನಮ್ಮ ಗಿರಾಕಿಗಳು ಗಂಭೀರವಾಗಿ ಚರ್ಚಿಸುತ್ತಿದ್ದರು.

ಒಂದು ಮಧ್ಯಾಹ್ನ ಭದ್ರಾವತಿಯಿಂದ ಗೌರಮ್ಮ ಎಂಬಾಕೆ ಬಂದರು. ಕಬ್ಬಿಣದ ಕುಲುಮೆಯಲ್ಲಿ ಕೆಲಸಕ್ಕಿದ್ದ ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಆತ ಕ್ಯಾಮೆರಾ ಮುಂದೆ ನಿಂತವರೇ ಅಲ್ಲ. ನಿಲ್ಲದೆಯೂ ಆಯುಷ್ಯ ಉಳಿಯಲಿಲ್ಲ. ಈಗ ಹಾರ ಹಾಕಲು ಒಂದು ಮುಖವಿಲ್ಲ.

"ಮಗಳಿಗೆ ಅಪ್ಪನ ಮುಖ ಮರ್ತೋಗ್ತಾ ಇದೆ ಸ್ವಾಮಿ, ಏನಾದ್ರೂ ಮಾಡಿ."

ಹೋಲುವ ನೆಂಟರನ್ನು ಯಾರನ್ನಾದರೂ ಕೂರಿಸಿ ಫೋಟೋ ತೆಗೆದು, ತಿದ್ದಿ ಕೊಡುವ ಪದ್ಧತಿ ಆಗ ಇತ್ತು. ಅದನ್ನು ಹೇಳುವಷ್ಟರಲ್ಲಿ ಆಲ್ಬಮ್ಮಿನ ಪುಟ ತಿರುವುತ್ತಿದ್ದ ಆಕೆಯ ಕೈ ನಿಂತಿತು. ಬೆಂಚಿನ ಮೇಲೊಬ್ಬ ಮನುಷ್ಯ, ತಲೆ ಹೆಸರುಕಾಳಿನಷ್ಟು.

"ಇವ್ರೇ ನಮ್ಮೋರು."

"ಅಲ್ಲಮ್ಮ, ನಿಮ್ಮ ಯಜಮಾನ್ರು ಹುಟ್ಟೋಕೆ ಮುಂಚಿನ ಫೋಟೋ ಇದು. ವಿಲಾಯ್ತಿದು!"

"ವಿಲಾಯ್ತಿನೋ ಗಿಲಾಯ್ತಿನೋ. ಗಂಡನ ಗುರುತು ನಂಗೆ ನೀವು ಹೇಳ್ಕೊಡ್ತೀರಾ? ದೊಡ್ಡದು ಮಾಡ್ಕೊಡಿ."

ಮಾಡಿದೆ. ಆ ಚಿತ್ರದ್ದೇ ಫೋಟೋ ತೆಗೆದು ದೊಡ್ಡದು ಮಾಡಿದಾಗ ಎಡಹುಬ್ಬಿನ ಮೇಲೊಂದು ಕಲೆ ಕಂಡಿತು. ಕಲೆಯೋ ಸಿಡುಬಿನ ಗುಳಿಯೋ ಕಂಡರೆ ಕೇಳದೆಯೇ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಅಳಿಸುವುದು ನಮ್ಮ ಕಸುಬಿನ ಮರ್ಯಾದೆ. ಅಳಿಸಿದೆ. ಆ ಪರದೇಶಿಯ ಹಣೆಗೆ ವಿಭೂತಿಯನ್ನೂ ಬರೆದೆ.

ಫೋಟೋ ಒಯ್ಯಲು ಬಂದ ದಿನ ಆಕೆಯ ಜೊತೆ ಮೈದುನನೂ ಬಂದ, ಜಗಳಕ್ಕೆ ಸಿದ್ಧನಾಗಿ. "ಅತ್ತಿಗೆಗಾದ್ರೆ ದುಃಖ. ನಿಮ್ಗೇನಾಗಿದೆ ಮಾರಾಯ್ರೆ? ಯಾವನೋ ಬಿಳಿಯನಿಗೆ ನಾವು ಹಾರ ಹಾಕ್ಬೇಕಾ?"

ಗೌರಮ್ಮ ಅವನತ್ತ ನೋಡಲೇ ಇಲ್ಲ. ಫೋಟೋ ಹಿಡಿದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಹುಬ್ಬಿನ ಮೇಲೆ ಕಿಡಿ ಸಿಡಿದ ಕಲೆ ಎಲ್ಲಿ? ಯಾಕೆ ತೆಗೆದ್ರಿ?"

ಅಷ್ಟು ಸಣ್ಣ ತಲೆಯಲ್ಲಿ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಕಂಡವನು ನಾನೊಬ್ಬನೇ, ಅಳಿಸಿದವನೂ ನಾನೇ. ಒಳಗೆ ಹೋಗಿ, ತಿದ್ದುವ ಮೊದಲು ಪರೀಕ್ಷೆಗೆಂದು ತೆಗೆದಿದ್ದ ಪ್ರತಿಯನ್ನು ತಂದು ಮೈದುನನ ಮುಂದಿಟ್ಟೆ. ಅವನು ನೋಡಿದ. ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದ. "ಅಣ್ಣಯ್ಯ" ಎಂದ, ಅಷ್ಟೇ.

ಕಲೆಯಿದ್ದ ಪ್ರತಿಗೇ ಕಟ್ಟು ಹಾಕಿಸಿಕೊಟ್ಟೆ. ಹೋಲಿಕೆ, ಕಾಕತಾಳೀಯ ಎಂದು ನನಗೆ ಬುದ್ಧಿ ಹೇಳಿದ ವಿದ್ವಾಂಸರಿಗೆ ಕಾಫಿ ಕುಡಿಸಿ ಕಳಿಸಿದ್ದೇನೆ. ಅವರ ಮಾತು ಕಾಫಿಯಷ್ಟು ಹೊತ್ತೂ ನಿಲ್ಲಲಿಲ್ಲ. ಬೆಂಚಿನ ಮೇಲಿದ್ದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆ ಮುಖ ನೋಡುತ್ತಲೇ ಬೆಳೆದ ಹುಡುಗಿಗೆ ಗೊತ್ತಿದೆ. ಅಲ್ಲವೆನ್ನುವವರು ಭದ್ರಾವತಿಗೆ ಹೋಗಿ ಅವಳ ಮುಂದೆಯೇ ಹೇಳಲಿ.